ರಾಗಿ ಡ್ರಮ್ಮಿನೊಳಗೆ ಇಟ್ಟ ಮಾಡ್ಯೂಲು

ಹುಣಸೂರು
ಶುಕ್ರವಾರ, 11 ಜುಲೈ 2025

ಪ್ರೀತಿಯ ಅತ್ತೆಮ್ಮಾ,

ಹೇಗಿದ್ದೀರಿ? ಮಂಡಿ ನೋವು ಹೇಗಿದೆ? ಬೇಗೂರಿನ ಕಡೆ ಮಳೆ ಬಿಡುತ್ತಲೇ ಇಲ್ಲ ಎಂದು ಕೇಳಿದೆ, ಥಂಡಿಗೆ ಕೆಮ್ಮು ಮತ್ತೆ ಹತ್ತಿಕೊಂಡಿಲ್ಲ ತಾನೇ? ಬಿ.ಪಿ. ಮಾತ್ರೆಯ ಡಬ್ಬಿಯನ್ನು ಟಿ.ವಿ. ಮೇಲೆಯೇ ಬಿಟ್ಟು ಹೋಗಿದ್ದೀರಿ. ಸಿಟ್ಟಿನಲ್ಲಿ ಹೊರಟವರು ಎಲೆಅಡಿಕೆ ಚೀಲ ಮರೆಯಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋದಿರಿ, ಮಾತ್ರೆ ಮಾತ್ರ ಮರೆತಿರಿ. ಈ ಕಾಗದದ ಜೊತೆಗೆ ಡಬ್ಬಿಯನ್ನೂ ಕಳಿಸಿದ್ದೇನೆ. ಬೆಳಿಗ್ಗೆ ಒಂದು, ತಿಂಡಿ ಆದ ಮೇಲೆ. ರಾಣಿಯ ಮನೆಯಲ್ಲಿ ತಿಂಡಿ ತಡವಾದರೆ ಮಾತ್ರೆಯನ್ನೂ ತಡ ಮಾಡಿ, ಬಿಟ್ಟೇ ಬಿಡಬೇಡಿ.

ಈ ಕಾಲದಲ್ಲಿ ಸೊಸೆ ಕಾಗದ ಬರೆಯುತ್ತಾಳಲ್ಲ ಎಂದು ನೀವು ಮೂಗು ಮುರಿಯುತ್ತೀರಿ ಎಂದು ಗೊತ್ತು. ನಾನೇನು ಮಾಡಲಿ? ನಿಮ್ಮ ಮಗಳ ಮನೆಯಲ್ಲಿ ಸಿಗ್ನಲ್ ಸಿಗುವುದು ಹಿತ್ತಲಿನ ಹಲಸಿನ ಮರದ ಕೆಳಗೆ ಮಾತ್ರ, ಅಲ್ಲಿಯೂ ಅರ್ಧ ಹೊತ್ತು ಕೇರಳದ ಟವರು ಹಿಡಿದುಕೊಂಡು ಯಾರೋ ಹೆಂಗಸು ಮಲಯಾಳದಲ್ಲಿ ಏನೋ ಹೇಳಿ ಕಟ್ ಮಾಡುತ್ತಾಳೆ. ಅದನ್ನೂ ದಾಟಿ ಮೊನ್ನೆ ರಾಣಿ ಸಿಕ್ಕಿದಳು. ಹಿಂದಿನಿಂದ ನಿಮ್ಮ ದನಿ ಬಂತು, "ಅವಳಾದ್ರೆ, ಅವ್ವ ಗದ್ದೆ ತಕ್ಕೋಗವ್ಳೆ ಅನ್ನು" ಎಂದು. ಕೇಳಿಸಿತು ಅತ್ತೆಮ್ಮಾ. ಗದ್ದೆಗೆ ಹೋದವರ ದನಿ ಅಷ್ಟು ಹತ್ತಿರದಿಂದ ಬರುವುದಿಲ್ಲ. ಅದಕ್ಕೇ ಕಾಗದ. ನಮ್ಮ ಎದುರು ಮನೆಯ ಕಂಠಪ್ಪನವರು ನಾಳೆ ಬೇಗೂರಿಗೆ ಮಗಳನ್ನು ನೋಡಲು ಹೊರಟಿದ್ದಾರೆ, ಅವರ ಕೈಯಲ್ಲೇ ಕೊಡುತ್ತೇನೆ. ಅವರ ಎದುರಿಗೆ ಹರಿದು ಹಾಕಬೇಡಿ, ಪಾಪ, ಅವರು ಮಳೆಯಲ್ಲಿ ಹೊತ್ತು ತಂದಿರುತ್ತಾರೆ.

ಇಲ್ಲಿ ನನ್ನ ಪಾಡು ಕೇಳಬೇಡಿ. ನಲ್ಲಿಯ ಹತ್ತಿರ ಹೋದರೆ ಪಕ್ಕದ ಮನೆಯ ಮರಮ್ಮ ಎಲ್ಲರಿಗೂ ಕೇಳುವ ಹಾಗೆ, "ಆಸಾಡದಲ್ಲಿ ಸೊಸೆ ತವರಿಗೋಗದ ನೋಡಿವ್ನಿ, ಅತ್ತೆ ಮನೆ ಬುಟ್ಟೋಗದ ಇದೇ ಮೊದ್ಲು ನೋಡ್ತಿರದು ಕಣವ್ವ" ಎನ್ನುತ್ತಾರೆ. ಹೊಸದಾಗಿ ಮದುವೆಯಾದವರಿಗೆ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಮನೆಯಲ್ಲಿರಬಾರದು, ಸರಿ. ನನಗೆ ಮದುವೆಯಾಗಿ ಹನ್ನೊಂದು ವರ್ಷ ಆಯಿತು. ಮೊದಲ ಆಷಾಢದಲ್ಲೇ ನೀವು ನನ್ನನ್ನು ತವರಿಗೆ ಕಳಿಸಿ, ವಾರ ತುಂಬುವ ಮೊದಲೇ ಸಾಲಿಗ್ರಾಮಕ್ಕೆ ಬಂದು, ಮನೆಯಲ್ಲಿ ಬೇಜಾರು ಎಂದು ನಮ್ಮ ಅಪ್ಪನ ಮನೆಯ ಜಗಲಿಯಲ್ಲಿ ಕೂತಿದ್ದವರು. ಈಗ ಶಾಸ್ತ್ರ ನೆನಪಾಯಿತೇ?

ಇರಲಿ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನೀವು ರಾಣಿಗೆ ಹೇಳಿರುವ ಕಥೆಯಲ್ಲಿ ನಾನು ಸುಮ್ಮಸುಮ್ಮನೆ ಒಂದು ಪೀಪಿಗೋಸ್ಕರ ಅತ್ತೆಯ ಮೇಲೆ ಎಗರಿ ಬಿದ್ದವಳು. ಅದು ಪೀಪಿಯಲ್ಲ. ಆಸ್ಪತ್ರೆಯಲ್ಲಿ ನನಗೇನು ಕೆಲಸ ಎಂದು ಯಾರಾದರೂ ಕೇಳಿದರೆ ನೀವು "ಕಂಪ್ಯೂಟ್ರು ಒರುಸ್ತಾಳೆ" ಎನ್ನುತ್ತೀರಿ, ಆದ್ದರಿಂದ ಇವತ್ತು ಸರಿಯಾಗಿ ತಿಳಿದುಕೊಳ್ಳಿ. ನಮ್ಮಲ್ಲಿ ತೆಗೆದ ಸ್ಕ್ಯಾನಿಂಗು, ಎಕ್ಸ್‌ರೇ ಚಿತ್ರಗಳೆಲ್ಲ ಸ್ಟೋರೇಜ್ ಎನ್ನುವ ಒಂದು ಯಂತ್ರದಲ್ಲಿ ಇರುತ್ತವೆ, ಕಾಗದಪತ್ರ ಬೀರುವಿನಲ್ಲಿ ಇರುವ ಹಾಗೆ. ಅಲ್ಲಿಂದ ಡಾಕ್ಟರ ಮೇಜಿಗೆ ಚಿತ್ರ ಬರಬೇಕಾದರೆ ಗಾಜಿನ ಎಳೆಯ ಕೇಬಲಿನೊಳಗೆ ಬೆಳಕಾಗಿ ಬರಬೇಕು. ಆ ಬೆಳಕನ್ನು ಬಿಡುವುದು, ಹಿಡಿಯುವುದು ಎರಡನ್ನೂ ಮಾಡುವುದು ಕೇಬಲಿನ ತುದಿಗೆ ಸಿಕ್ಕಿಸುವ ಬೆರಳುದ್ದದ ಮಾಡ್ಯೂಲು. ಅದು ಕೆಟ್ಟರೆ ಬೀರುವಿನಲ್ಲಿ ಎಲ್ಲವೂ ಭದ್ರವಾಗಿರುತ್ತದೆ, ಬೀಗ ಮಾತ್ರ ತೆಗೆಯಲಾಗುವುದಿಲ್ಲ.

ಇಂಥ ದಾರಿ ಎರಡು ಇರಬೇಕು, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಒಂದು ಹೋದ ದಸರಾದಲ್ಲೇ ಸತ್ತಿತು. ಆವತ್ತಿನಿಂದ ನಮ್ಮ ಮ್ಯಾನೇಜರ್ ಸೋಮಶೇಖರ್ ಅವರ ಹಿಂದೆ ಬಿದ್ದು ಹೇಳಿದ್ದೇ ಹೇಳಿದ್ದು. ಅವರದು ಒಂದೇ ಮಾತು, "ಇನ್ನೊಂದು ಓಡ್ತಾ ಇದೆಯಲ್ಲಮ್ಮ, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯ?" ಅಷ್ಟರಲ್ಲಿ ರಿಸೆಪ್ಷನ್ನಿಗೆ ಹೊಸ ಸೋಫಾ ಬಂತು, ಮೀನಿನ ತೊಟ್ಟಿ ಬಂತು, ಮೀನು ಸತ್ತು ಬೇರೆ ಮೀನೂ ಬಂತು. ಮಾಡ್ಯೂಲು ಬರಲಿಲ್ಲ. ಕೊನೆಗೆ ಎರಡನೆಯದೂ ಕೈಕೊಟ್ಟಿತು. ಯಾವತ್ತು ಕೊಟ್ಟಿತು ಗೊತ್ತೇ? ನೀವು ಕುತ್ತಿಗೆಯ ಗಂಟಿಗೆ ಸೆರಗು ಸುತ್ತಿಕೊಂಡು ಡಾಕ್ಟರ್ ಪ್ರಮೀಳಾ ಅವರ ಎದುರಿಗೆ ಕೂತಿದ್ದಿರಲ್ಲ, ಅವತ್ತೇ.

ನಿಮಗೆ ನೆನಪಿರಬೇಕು. ಡಾಕ್ಟರು ಹೇಳಿದ್ದು ಇಷ್ಟೇ. ಹೋದ ವರ್ಷದ ಸ್ಕ್ಯಾನಿಂಗು, ಈ ವರ್ಷದ ಸ್ಕ್ಯಾನಿಂಗು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು, ರಿಪೋರ್ಟಿನಲ್ಲಿ ಬರೆದ ಅಳತೆ ಸಾಲದು, ಗಂಟಿನ ಅಂಚು ಹೇಗಿದೆ ಎಂದು ಚಿತ್ರದಲ್ಲೇ ಕಾಣಬೇಕು. ಗಂಟು ಹಾಗೇ ಇದ್ದರೆ ಏನೂ ಬೇಡ. ಬೆಳೆದಿದ್ದರೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿಸಬೇಕು, ಅದರ ಮೇಲೆ ಆಪರೇಷನ್ ಬೇಕೋ ಬೇಡವೋ ಎನ್ನುವುದು. ನೀವು ಆಚೆ ಬಂದವರೇ, "ಕತ್ತಿಗೆ ಸೂಜಿ ಆಕುಸ್ಕಳಕೆ ನಾನೇನ್ ಗೋಣಿಚೀಲ್ವಾ?" ಎಂದು ಔಷಧಿ ಅಂಗಡಿಯ ಹುಡುಗಿಯನ್ನು ಕೇಳಿದಿರಿ. ಡಾಕ್ಟರ ಸ್ಕ್ರೀನಿನಲ್ಲಿ ಈ ವರ್ಷದ ಚಿತ್ರ ಬಂದು ಕೂತಿತ್ತು, ಅದು ಸ್ಕ್ಯಾನಿಂಗ್ ಮಿಷನ್ನಿನಲ್ಲೇ ಇತ್ತಲ್ಲ. ಹೋದ ವರ್ಷದ ಚಿತ್ರದ ಜಾಗದಲ್ಲಿ ಒಂದು ಬಿಳಿ ಉಂಗುರ ಸುತ್ತುತ್ತಲೇ ಇತ್ತು. ಅವರು ನನ್ನ ಮುಖ ನೋಡಿದರು. ನಾನು ಓಡಿಹೋಗಿ ಯಂತ್ರದ ಹಿಂದೆ ನೋಡಿದರೆ ಹಸಿರು ದೀಪ ಆರಿ ಹಳದಿ ದೀಪ ಹತ್ತಿಕೊಂಡಿತ್ತು.

ಅವತ್ತೇ ಸೋಮಶೇಖರ್ ಅವರಿಗೆ ಜ್ಞಾನೋದಯವಾಗಿ, ಮೈಸೂರಿನ ಕಂಪನಿಯವರಿಗೆ ಫೋನು ಮಾಡಿ ಮಾಡ್ಯೂಲು ತರಿಸಿದರು. ಇನ್ನು ಆ ಕೊರಿಯರಿನವನ ಕಥೆ ಕೇಳಿ. ಆಸ್ಪತ್ರೆಯ ಗೇಟಿನಲ್ಲಿ ಸೆಕ್ಯೂರಿಟಿಯವನು ಊಟದ ಹೊತ್ತು, ಆಮೇಲೆ ಬಾ ಎಂದನಂತೆ. ಆಮೇಲೆ ಬರುವುದು ಬಿಟ್ಟು, ಕಾವ್ಯ ಮೇಡಂ ಮನೆ ಗೊತ್ತಲ್ಲ ಎಂದು, ಸುರಿಯುವ ಮಳೆಯಲ್ಲಿ ಬೈಕು ತಿರುಗಿಸಿಕೊಂಡು ಸೀದಾ ನಿಮ್ಮ ಕೈಗೆ ಕೊಟ್ಟು ಹೋದ. ಉಪಕಾರ ಮಾಡಿದೆ ಎಂದುಕೊಂಡಿದ್ದಾನೆ. ನನ್ನ ಫೋನಿಗೆ ತಲುಪಿದೆ ಎಂದು ಮೆಸೇಜು ಬಂತು, ಪಾರ್ಸಲ್ಲು ಮನೆಯಲ್ಲಿದೆ, ಅತ್ತೆ ಇದ್ದಾರೆ, ಭದ್ರವಾಗಿರುತ್ತದೆ ಎಂದು ನಾನೂ ಸಮಾಧಾನದಿಂದ ಕೂತೆ. ನನ್ನ ಬುದ್ಧಿಗೇನು ಹೇಳಲಿ.

ನೀವು ಕವರು ಮುಟ್ಟಿದಿರಿ, ಒದ್ದೆಯಾಗಿತ್ತು. ಬಿಚ್ಚಿದಿರಿ, ಒಳಗಿನ ಪ್ಲಾಸ್ಟಿಕ್ ಡಬ್ಬಿಯೂ ತಣ್ಣಗಿತ್ತು. ನಿಮ್ಮ ಮಗ ಕಾಲುವೆಗೆ ಬೀಳಿಸಿಕೊಂಡ ಮೊಬೈಲನ್ನು ಅಕ್ಕಿಯಲ್ಲಿ ಹುಗಿದಿಟ್ಟು ಬದುಕಿಸಿದ್ದನ್ನು ನೀವು ಕಣ್ಣಾರೆ ಕಂಡಿದ್ದಿರಿ. ಅಲ್ಲಿಯವರೆಗೂ ಒಪ್ಪುತ್ತೇನೆ. ಆದರೆ ಅಕ್ಕಿ ಬಿಟ್ಟು ರಾಗಿ ಯಾಕೆ ಎಂದು ಆಮೇಲೆ ನಾನು ಕೇಳಿದ್ದಕ್ಕೆ ನೀವು ಕೊಟ್ಟ ಉತ್ತರ ನನ್ನ ಕಿವಿಯಲ್ಲಿ ಇನ್ನೂ ಇದೆ, "ಅಕ್ಕಿ ಏನ್ ಎಳೀತದೆ ಥಂಡಿಯಾ? ರಾಗಿ ಎಳ್ದಂಗೆ ಅಕ್ಕಿ ಎಳೀತದಾ?" ಮಾಡ್ಯೂಲಿನ ಬಾಯಿಗೆ ಒಂದು ರಬ್ಬರ್ ಬೂಚು ಇತ್ತಲ್ಲ, ಧೂಳು ಹೋಗದಿರಲಿ ಎಂದೇ ಅದನ್ನು ಹಾಕಿ ಕಳಿಸುತ್ತಾರೆ, ಅದನ್ನೂ ಕಿತ್ತಿರಿ. "ಬೂಚು ತಗೀದೆ ಒಳ್ಗಿನ್ ತೇವ ಎಂಗವ್ವ ಓಯ್ತದೆ?" ಕಿತ್ತು, ರಾಗಿ ಡ್ರಮ್ಮಿನಲ್ಲಿ ಮೊಣಕೈವರೆಗೆ ಕೈ ಇಳಿಸಿ ಹುಗಿದಿರಿ. ಸಂಜೆ ತೆಗೆದು, ಸೆರಗಿನಲ್ಲಿ ಒರೆಸಿ, ಬಾಯಿಂದ ಊದಿ, ಬೂಚು ಹಾಕಿ, ಕವರಿಗೆ ಅನ್ನದ ಅಗುಳು ಹಚ್ಚಿ ಮೊದಲಿನ ಹಾಗೇ ಅಂಟಿಸಿದಿರಿ. ಆ ಅಂಟಿಸುವ ಕೆಲಸ ಎಷ್ಟು ಚೆನ್ನಾಗಿತ್ತು ಎಂದರೆ ನನಗೆ ಸ್ವಲ್ಪವೂ ಅನುಮಾನ ಬರಲಿಲ್ಲ. ನಾನು ಮನೆಗೆ ಬಂದಾಗ "ತಕ್ಕ ನಿನ್ ಪೀಪಿ, ಬಂದದೆ" ಎಂದು ಕೈಗಿಟ್ಟಿರಿ. ರಾಗಿಯ ಮಾತು ಎತ್ತಲಿಲ್ಲ. ಉಪಕಾರ ಮಾಡಿದ್ದನ್ನು ಹೇಳಿಕೊಳ್ಳುವ ಅಭ್ಯಾಸ ನಿಮಗಿಲ್ಲ, ಈ ಒಂದು ಸಲವಾದರೂ ಹೇಳಿಕೊಳ್ಳಬಾರದಿತ್ತೇ?

ಮಾರನೆಯ ದಿನ ಅದನ್ನು ಹಾಕಿದೆ. ಹಳೆಯದರ ಕೇಬಲು ಬಿಡಿಸಿ, ಕೊಂಡಿ ಹಿಡಿದು ಎಳೆದು, ಹೊಸದನ್ನು ಟಕ್ ಎನ್ನುವವರೆಗೆ ತಳ್ಳಿ, ಬೂಚು ತೆಗೆದು ಕೇಬಲು ಸಿಕ್ಕಿಸಿದೆ. ಬಾಯಿಯೊಳಗೆ ಇಣುಕಿ ನೋಡಬಾರದು, ಕಣ್ಣಿಗೆ ಕಾಣದ ಬೆಳಕು ಅದು, ಕಣ್ಣನ್ನೇ ಕೆಡಿಸುತ್ತದೆ. ಹಾಗಾಗಿ ಇಣುಕಲೂ ಇಲ್ಲ. ಹಸಿರು ದೀಪ ಬರಲಿಲ್ಲ. ಮತ್ತೆ ತೆಗೆದೆ, ಮತ್ತೆ ಹಾಕಿದೆ. ಹಿಂದೆ ನಿಂತು ಸೋಮಶೇಖರ್ ಅವರು "ಆಯ್ತೇನಮ್ಮ, ಆಯ್ತೇನಮ್ಮ" ಎಂದು ಬೆನ್ನಿನ ಮೇಲೆ ಉಸಿರು ಬಿಡುತ್ತಿದ್ದರು. ನನ್ನ ತಲೆ ಕೆಟ್ಟಿತು. ಕಂಪನಿಯ ಚಂದು ಎನ್ನುವವನಿಗೆ ಫೋನು ಮಾಡಿ, ಸತ್ತ ಮಾಲು ಕಳಿಸಿದ್ದೀರಿ, ನಿಮಗೆ ರೋಗಿಗಳ ಜೀವ ಎಂದರೆ ಆಟವಾ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಒಳ್ಳೆಯ ಮನುಷ್ಯ, ಎದುರು ಮಾತಾಡದೆ ಮೈಸೂರಿನಿಂದ ಬೈಕಿನಲ್ಲಿ ನೆನೆದುಕೊಂಡು ಬಂದ. ಮಾಡ್ಯೂಲಿನ ಬಾಯಿಗೆ ಒಂದು ಸಣ್ಣ ಕ್ಯಾಮೆರಾ ಇಟ್ಟು ಅದರ ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಕೆಂಪಗೆ ದುಂಡಗೆ ಒಂದು ಬಂಡೆ ಕಂಡಿತು, ಸುತ್ತಲೂ ಹೊಟ್ಟು. "ಮೇಡಂ, ಬೇಜಾರ್ ಮಾಡ್ಕಬೇಡಿ, ನಮ್ದೂ ಪಿರಿಯಾಪಟ್ಟಣದ ಕಡೆ ಹಳ್ಳಿನೇ. ಇದು ರಾಗಿ ಅಲ್ವಾ?" ಎಂದ.

ನರ್ಸುಗಳು, ಲ್ಯಾಬಿನವರು, ಸೋಮಶೇಖರ್, ಎಲ್ಲರೂ ನಕ್ಕರು. ಸೆಕ್ಯೂರಿಟಿಯವನು ಕೂಡ ಬಂದು ಪರದೆ ನೋಡಿ ನಕ್ಕು ಹೋದ. ಚಂದು ಒಬ್ಬನೇ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಸಾಲದ್ದಕ್ಕೆ ನಾನು ಮತ್ತೆ ಮತ್ತೆ ಒತ್ತಿ ಸಿಕ್ಕಿಸಿದ್ದರಿಂದ ಕೇಬಲಿನ ಗಾಜಿನ ತುದಿಯಲ್ಲೂ ಗೀರು ಬಿದ್ದಿತ್ತು. ಇನ್ನು ಮಾಡ್ಯೂಲೂ ಬೇಕು, ಕೇಬಲೂ ಬೇಕು, ಎರಡೂ ಬೆಂಗಳೂರಿನಿಂದ ಬರಬೇಕು ಎಂದ. ಡಾಕ್ಟರ್ ಪ್ರಮೀಳಾ ಬಾಗಿಲಲ್ಲಿ ನಿಂತು, "ಹಾಗಾದ್ರೆ ನಿಮ್ಮ ಅತ್ತೆದು ಇನ್ನೂ ನೋಡೋಕಾಗಲ್ಲ" ಎಂದು ಹೇಳಿ ಹೊರಟುಹೋದರು.

ಆ ಮಾತನ್ನು ಹೊತ್ತುಕೊಂಡು ನಾನು ಮನೆಗೆ ಬಂದೆ. ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲೇ ಕೂಗಾಡಿದೆ, ಅದು ನಿಜ. ನೀವು ರಾಗಿ ಡ್ರಮ್ಮಿನ ಪಕ್ಕದಲ್ಲಿ ನಿಂತು, ಏನಾಯಿತು ಎಂದು ಪೂರ್ತಿ ಅರ್ಥವಾಗದೆ, ಒಂದು ಕೈ ಡ್ರಮ್ಮಿನ ಮುಚ್ಚಳದ ಮೇಲೆ ಇಟ್ಟುಕೊಂಡು ಕೇಳಿಸಿಕೊಂಡಿರಿ. ಉಳಿದದ್ದೆಲ್ಲ ನಾನು ಹೇಳಬೇಕಾದ್ದೇ. ಒಂದು ಮಾತು ಮಾತ್ರ ಹೇಳಬಾರದಿತ್ತು. "ಕೈ ಕಟ್ಕೊಂಡು ಒಂದು ಕಡೆ ಸುಮ್ನೆ ಕೂತ್ಕೊಳ್ಳೋಕೆ ಆಗಲ್ವಾ ನಿಮಗೆ?" ಎಂದೆ. ಹುಟ್ಟಿದಾಗಿನಿಂದ ಕೈ ಕಟ್ಟಿ ಕೂತವರಲ್ಲ ನೀವು. ನಾನು ಡ್ಯೂಟಿಗೆ ಹೋಗಿ ಬರುವಷ್ಟರಲ್ಲಿ ಹಸು, ಅಡುಗೆ, ಮಗಳು, ಹೊಗೆಸೊಪ್ಪಿನ ಹೊಲಕ್ಕೆ ಬುತ್ತಿ, ಎಲ್ಲವನ್ನೂ ಮುಗಿಸಿರುತ್ತೀರಿ. ನಿಮ್ಮ ಆ ಕೈಯಿಂದಲೇ ನಾನು ಕೆಲಸಕ್ಕೆ ಹೋಗುತ್ತಿದ್ದೇನೆ. ಅಂಥವರಿಗೆ ಆ ಮಾತು ಅಂದೆ. ನೀವು ಕೂಗಾಡಲಿಲ್ಲ. "ಕೂತ್ಕತೀನಿ ಕಣವ್ವ. ಆದ್ರೆ ನಿನ್ ಮನೇಲಲ್ಲ" ಎಂದಿರಿ. ಬೆಳಗಾಗುವಷ್ಟರಲ್ಲಿ ಚೀಲ ಕಟ್ಟಿ ಬಸ್‌ಸ್ಟ್ಯಾಂಡಿನಲ್ಲಿದ್ದಿರಿ.

ನಿಮ್ಮ ಮಗನ ಕಥೆ ಹೇಳಲೇಬಾರದು. ಅವ್ವ ಹೊರಟುಹೋದರು, ಹೋಗಿ ಕರೆದುಕೊಂಡು ಬನ್ನಿ ಎಂದರೆ, "ನೀವಿಬ್ರೂ ಏನಾದ್ರೂ ಮಾಡ್ಕಳಿ, ನನ್ನ ಮಧ್ಯಕ್ಕೆಳೀಬೇಡಿ" ಎಂದು ಕೈ ತೊಳೆದುಕೊಂಡು ತಟ್ಟೆಯ ಮುಂದೆ ಕೂತರು. ಎರಡು ತುತ್ತು ತಿಂದು, ಮುದ್ದೆ ಯಾಕೆ ಹೀಗಿದೆ ಎಂದರು. ಹೇಗಿರಬೇಕು? ತಿರುವುವವರು ಬೇಗೂರಿನಲ್ಲಿದ್ದಾರೆ.

ಈಗ ನೀವು, ಸೊಸೆ ಕ್ಷಮೆ ಕೇಳುತ್ತಿದ್ದಾಳೆ ಎಂದು ರಾಣಿಗೆ ಹೇಳಿ ಗೆದ್ದ ಮುಖ ಮಾಡಬೇಡಿ. ನಾನು ಎಷ್ಟು ಯೋಚನೆ ಮಾಡಿದರೂ ತಪ್ಪು ನಿಮ್ಮದೇ. ಬೇರೆಯವರ ಪಾರ್ಸಲ್ಲು ಬಿಚ್ಚಬಾರದು, ಬಿಚ್ಚಿದರೆ ಹೇಳಬೇಕು. ನಾನು ವಾಪಸ್ಸು ತೆಗೆದುಕೊಳ್ಳುವುದು ಆ ಒಂದು ಮಾತನ್ನು ಮಾತ್ರ. ಮತ್ತೆ ಇದನ್ನೂ ತಿಳಿದುಕೊಳ್ಳಿ, ಅಷ್ಟು ಕೂಗಾಡಿದ್ದು ರಾಗಿಗಲ್ಲ, ಜನ ನಕ್ಕಿದ್ದಕ್ಕೂ ಅಲ್ಲ. ಅದರೊಳಗೆ ಸಿಕ್ಕಿಕೊಂಡಿದ್ದದ್ದು ನಿಮ್ಮ ಚಿತ್ರ. ಬೇರೆ ಯಾರ ಚಿತ್ರವಾಗಿದ್ದರೂ ನಾನು ಆ ರಾಗಿ ಕಾಳು ನೋಡಿ ಎಲ್ಲರಿಗಿಂತ ಮೊದಲು ನಗುತ್ತಿದ್ದೆ. ನಿಮ್ಮ ಗಂಟಿನ ಸುದ್ದಿಯನ್ನು ತಿಳಿಯಲು ಒಂದು ದಾರಿ ಉಳಿದಿತ್ತು, ಅದನ್ನು ನಿಮ್ಮ ಕೈಯಿಂದಲೇ ಮುಚ್ಚಿಟ್ಟು, ನನಗೆ ಒಳ್ಳೆಯದು ಮಾಡಿದೆ ಎಂದು ನಿಂತಿದ್ದಿರಿ. ಹೊಟ್ಟೆ ಉರಿಯುವುದಿಲ್ಲವೇ?

ನಿನ್ನೆ ಹೊಸ ಮಾಡ್ಯೂಲು, ಕೇಬಲು ಬಂದವು. ಕೊರಿಯರಿನವನಿಗೆ ಮೊದಲೇ ಫೋನು ಮಾಡಿ, ಯಾರ ಮನೆಗೂ ಕೊಡಬೇಡಪ್ಪ, ನನ್ನ ಕೈಗೇ ಕೊಡು ಎಂದು ಗೇಟಿನಲ್ಲೇ ಕಾದು ನಿಂತು ಇಸಿದುಕೊಂಡೆ. ಚಂದುವೂ ಬಂದಿದ್ದ, ಆದರೆ ನಾನೇ ಹಾಕುತ್ತೇನೆ ಎಂದೆ. ಬೂಚು ತೆಗೆದೆ. ಒರೆಸುವ ಪೆನ್ನಿನಿಂದ ಕೇಬಲಿನ ತುದಿ ಒರೆಸಿ, ಕ್ಯಾಮೆರಾದಲ್ಲಿ ನೋಡಿ, ಮತ್ತೆ ಒರೆಸಿ, ಸಿಕ್ಕಿಸಿದೆ. ಹಸಿರು ದೀಪ ತಕ್ಷಣ ಬರಲಿಲ್ಲ, ಸ್ವಲ್ಪ ಯೋಚನೆ ಮಾಡಿ ಬಂತು. ಸೋಮಶೇಖರ್ ಅವರು "ನೋಡಿದ್ಯಾ, ಎಷ್ಟು ಸುಲಭ" ಎಂದರು. ಅವರಿಗೆ ಏನು ಹೇಳಬೇಕೋ ಅದನ್ನು ಮನಸ್ಸಿನಲ್ಲೇ ಹೇಳಿದೆ. ಎರಡನೆಯ ದಾರಿಗೂ ಒಂದು ಮಾಡ್ಯೂಲು ಬೇಕು ಎಂದು ಅವರ ಮೇಜಿನ ಮೇಲೆ ಮತ್ತೆ ಅರ್ಜಿ ಇಟ್ಟಿದ್ದೇನೆ, ಅದರ ಮೇಲೆ ಈಗ ಅವರ ಟೀ ಲೋಟ ಇದೆ.

ಆಮೇಲೆ ಹಳೆಯ ಹೆಸರುಗಳೆಲ್ಲ ಒಂದೊಂದಾಗಿ ಪರದೆಗೆ ಬಂದವು. ನಿಮ್ಮ ಹೆಸರೂ ಬಂತು. ಡಾಕ್ಟರ್ ಪ್ರಮೀಳಾ ಅವರನ್ನು ನಾನೇ ಕರೆದುಕೊಂಡು ಬಂದೆ. ಅವರು ಎರಡು ಚಿತ್ರಗಳನ್ನೂ ನೋಡಿದರು. ನಿಮ್ಮ ಹತ್ತಿರವೇ ಮಾತಾಡುತ್ತಾರಂತೆ, ಒಂದು ಸಲ ಬಂದು ಹೋಗಲಿ ಎಂದರು. ಸೀಮೆ ಹಸು ನನಗೆ ಹಾಲು ಕೊಡುತ್ತಿಲ್ಲ, ಒದೆಯುತ್ತದೆ, ಮರಮ್ಮನೇ ಬಂದು ಕರೆದುಕೊಡುತ್ತಿದ್ದಾರೆ, ಜೊತೆಗೆ ಮಾತೂ ಕೊಡುತ್ತಿದ್ದಾರೆ. ವಾಣಿಶ್ರೀ ರಾತ್ರಿ ನಮ್ಮ ಹತ್ತಿರ ಮಲಗದೆ ನಿಮ್ಮ ಮಂಚದಲ್ಲೇ ಮಲಗುತ್ತಾಳೆ, ಅಜ್ಜಿ ಯಾವತ್ತು ಬರುತ್ತಾರೆ ಎಂದು ನನ್ನನ್ನೇ ತಪ್ಪಿತಸ್ಥೆಯ ಹಾಗೆ ಕೇಳುತ್ತಾಳೆ. ಮೊಮ್ಮಗಳೂ ನಿಮ್ಮ ಪಕ್ಷ, ಹಸುವೂ ನಿಮ್ಮ ಪಕ್ಷ.

ರಾಣಿಗೂ ಅವಳ ಮನೆಯವರಿಗೂ ನಾನು ಕೇಳಿದೆ ಎಂದು ಹೇಳಿ. ನಿಮ್ಮ ಸಿಟ್ಟು ಇಳಿದಿದ್ದರೆ ಈ ಸೊಸೆಗೆ ಆಶೀರ್ವಾದ ಮಾಡಿ. ಇಳಿಯದಿದ್ದರೆ ಆಶೀರ್ವಾದವನ್ನು ನಿಮ್ಮ ಹತ್ತಿರವೇ ಇಟ್ಟುಕೊಂಡು ನನ್ನ ನಮಸ್ಕಾರವನ್ನು ಮಾತ್ರ ತೆಗೆದುಕೊಳ್ಳಿ.

ನಿಮ್ಮ ಸೊಸೆ,
ಕಾವ್ಯಶ್ರೀ

ಮಡಿಚಿ ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನೀವು ಬೆರಳಿಟ್ಟು ಗಟ್ಟಿಯಾಗಿ ಓದುತ್ತೀರಿ, ಇದನ್ನು ಮಾತ್ರ ಮನಸ್ಸಿನಲ್ಲೇ ಓದಿಕೊಳ್ಳಿ. ಗಂಟು ಬೆಳೆದಿದೆ ಅತ್ತೆಮ್ಮಾ. ಎರಡು ಚಿತ್ರಗಳನ್ನೂ ಪಕ್ಕದಲ್ಲಿಟ್ಟಾಗ ಡಾಕ್ಟರು ಬಾಯಿ ಬಿಡುವ ಮೊದಲೇ ನನಗೂ ಕಾಣಿಸಿತು. ಕೆಟ್ಟದ್ದು ಎಂದು ಅವರು ಹೇಳಿಲ್ಲ, ಬಹಳ ಜನಕ್ಕೆ ಏನೂ ಇರುವುದಿಲ್ಲವಂತೆ, ಆದರೆ ಸೂಜಿ ಪರೀಕ್ಷೆ ಮಂಗಳವಾರವೇ ಆಗಬೇಕು ಎಂದಿದ್ದಾರೆ. ಆಷಾಢ ಕಳೆಯಲಿ ಎನ್ನಬೇಡಿ. ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ, ಮೊದಲು ನಿಮಗೇ ಗೊತ್ತಾಗಬೇಕು ಎಂದು. ನನಗೆ ತುಂಬಾ ಭಯವಾಗಿದೆ. ಭಾನುವಾರ ಮೊದಲ ಬಸ್ಸಿಗೆ ಹ್ಯಾಂಡ್‌ಪೋಸ್ಟಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಬೇಗೂರಿಗೆ ಬರುತ್ತೇನೆ, ಚೀಲ ಕಟ್ಟಿಕೊಂಡಿರಿ. ಸಿಟ್ಟು ಮಾಡಿಕೊಂಡೇ ಬನ್ನಿ, ದಾರಿಯುದ್ದಕ್ಕೂ ನನ್ನನ್ನು ಮಾತಾಡಿಸದಿದ್ದರೂ ಪರವಾಗಿಲ್ಲ, ಬಸ್ಸಿನಲ್ಲಿ ನನ್ನ ಪಕ್ಕ ಕೂತುಕೊಂಡರೆ ಸಾಕು.